ಹಳೆಯ ಮರದ ಲೇಸರ್ ಸ್ಕ್ಯಾನ್‌ನಿಂದ ಕಲೆ: ಯಾವ ದಾರಿ ಯಾರಿಗೆ?

ನೂರಾರು ವರ್ಷ ಬದುಕಿದ ಮರವನ್ನು ಲೇಸರ್‌ನಿಂದ ಅಳೆದು, ಆ ಅಳತೆಯಿಂದಲೇ ಚಿತ್ರವನ್ನೋ ಶಿಲ್ಪವನ್ನೋ ಮಾಡಬೇಕು ಅನ್ನುವ ಆಸೆ ಇರುವವರಿಗೆ ಈ ಬರಹ. ಈ ಕೆಲಸಕ್ಕೆ ಕೈ ಹಾಕುವವರು ಮೊದಲು ಕೇಳುವುದು ಸಾಮಾನ್ಯವಾಗಿ "ಯಾವ ಸ್ಕ್ಯಾನರ್ ಒಳ್ಳೇದು?" ಅಂತ. ಅದಕ್ಕೂ ಮೊದಲು ಇನ್ನೊಂದು ತೀರ್ಮಾನ ಆಗಬೇಕು. ಆ ಮರದಲ್ಲಿ ನಿಮಗೆ ಬೇಕಾಗಿರುವುದು ಏನು? ತೊಗಟೆಯ ಸೀಳುಗಳಾ? ಒಳಗಿನ ಪೊಟರೆಯಾ? ಇಡೀ ಮರ ನಿಂತಿರುವ ರೀತಿಯಾ? ಮೇಲೆ ಕೊಂಬೆಗಳು ಹಂಚಿಕೊಂಡಿರುವ ಆಕಾಶವಾ? ಉತ್ತರ ಬದಲಾದರೆ ಸ್ಕ್ಯಾನರ್, ಸಾಫ್ಟ್‌ವೇರ್, ಕೊನೆಗೆ ಗೋಡೆಗೆ ಬರುವ ರೂಪ ಎಲ್ಲವೂ ಬದಲಾಗುತ್ತವೆ.

ಹಳೆಯ ಮರದ ಮೈಕಟ್ಟೇ ಬೇರೆ. ವಯಸ್ಸಾದಂತೆ ಕಾಂಡದ ನಡುಭಾಗ ಕೊಳೆತು ಟೊಳ್ಳಾಗುತ್ತದೆ. ತುದಿ ಒಣಗಿ, ಹಂದರ (ಕೊಂಬೆ, ಎಲೆಗಳ ಚಪ್ಪರ) ಕೆಳಕ್ಕಿಳಿಯುತ್ತದೆ. ಮುರಿದ ಕೊಂಬೆಯ ಜಾಗದಲ್ಲಿ ಗಂಟು ಕಟ್ಟುತ್ತದೆ. ಕ್ಯಾಲಿಫೋರ್ನಿಯಾದ ಬ್ರಿಸಲ್‌ಕೋನ್ ಪೈನ್‌ಗಳಲ್ಲಿ ತೊಗಟೆಯ ಒಂದೇ ಪಟ್ಟಿ ಜೀವ ಹಿಡಿದಿದ್ದು, ಉಳಿದ ಕಾಂಡವೆಲ್ಲ ಒಣಕಟ್ಟಿಗೆಯಾಗಿ ನಿಂತಿರುವುದುಂಟು. ಅಲ್ಲಿನ ಮೆಥೂಸೆಲಾ ಎಂಬ ಮರಕ್ಕೆ 4,800 ವರ್ಷಕ್ಕೂ ಜಾಸ್ತಿ ವಯಸ್ಸು.

ಸ್ಕ್ಯಾನಿಂಗ್ ಉಪಕರಣಗಳು ಮತ್ತು ಅವುಗಳ ಸಾಫ್ಟ್‌ವೇರ್ ಬಹುಪಾಲು ಬೆಳೆದದ್ದು ಕಟ್ಟಡ, ರಸ್ತೆ, ಕಾರ್ಖಾನೆಗಳ ಅಳತೆಗೆ. ನುಣುಪಾದ ಗೋಡೆ, ದುಂಡನೆಯ ಕೊಳವೆ, ನೇರ ಅಂಚು ಕಂಡರೆ ಅವಕ್ಕೆ ಖುಷಿ. ಸೀಳು, ಟೊಳ್ಳು, ಒಣ ರೆಂಬೆ ಕಂಡರೆ ಗದ್ದಲ, ಅಂದರೆ ಬೇಡದ ತಪ್ಪು ಅಳತೆ, ಎಂದುಕೊಂಡು ಅಳಿಸಲು ನೋಡುತ್ತವೆ. ಆದರೆ ಮರದ ವಯಸ್ಸು ಕಾಣುವುದೇ ಅಲ್ಲಿ ಅಲ್ವಾ? ಹಾಗಾಗಿ ಕೆಳಗಿನ ಪ್ರತಿ ಆಯ್ಕೆಯನ್ನೂ ನಾನು ಒಂದೇ ಪ್ರಶ್ನೆಯಿಂದ ತೂಗುತ್ತೇನೆ: ಇದು ಮರದ ವಯಸ್ಸನ್ನು ಉಳಿಸುತ್ತದೋ, ಅಳಿಸುತ್ತದೋ?

ಫೋನಾ, ಟ್ರೈಪಾಡ್ ಸ್ಕ್ಯಾನರಾ?

ಲೇಸರ್ ಎಂದರೆ ಈಗ ಹಲವರ ಜೇಬಿನಲ್ಲೇ ಇದೆ. 2020ರಲ್ಲಿ ಬಂದ ಐಪ್ಯಾಡ್ ಪ್ರೊ ಮತ್ತು ಐಫೋನ್ 12 ಪ್ರೊದಿಂದ ಶುರುವಾಗಿ ಆಪಲ್‌ನ ಪ್ರೊ ಮಾದರಿಗಳಲ್ಲಿ ಲೈಡಾರ್, ಅಂದರೆ ಲೇಸರ್ ಬೆಳಕಿನಿಂದ ದೂರ ಅಳೆಯುವ ಸೆನ್ಸರ್ ಇದೆ. ಪಾಲಿಕ್ಯಾಮ್, ಸ್ಕ್ಯಾನಿವರ್ಸ್‌ನಂಥ ಆ್ಯಪ್ ಹಾಕಿಕೊಂಡು ಮರದ ಸುತ್ತ ನಡೆದರೆ ಸಾಕು, ಕೆಲವೇ ನಿಮಿಷಗಳಲ್ಲಿ ಬುಡದ 3ಡಿ ಮಾದರಿ ಸಿಗುತ್ತದೆ. ಕಲಿಯಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಆದರೆ ಮಿತಿಗಳು ದೊಡ್ಡವು. ಈ ಸೆನ್ಸರ್‌ಗೆ ಎಟಕುವುದು ಸುಮಾರು 5 ಮೀಟರ್. ಆ್ಯಪ್‌ಗೆ ಸಿಗುವ, ಯಾವ ಭಾಗ ಎಷ್ಟು ದೂರ ಎಂದು ಹೇಳುವ ಆಳದ ಚಿತ್ರ 256×192 ಚುಕ್ಕೆಗಳದ್ದು ಮಾತ್ರ. ಹಾಗಾಗಿ ಬೆರಳು ಹೋಗುವಷ್ಟು ಆಳದ ತೊಗಟೆಯ ಸೀಳು ಕೂಡ ಮೇಣ ಕರಗಿ ಹರಿದ ಹಾಗೆ ನುಣುಪಾಗಿ ಬಿಡುತ್ತದೆ. ದಪ್ಪ ಕಾಂಡವನ್ನು ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ತಾನೆಲ್ಲಿದ್ದೇನೆ ಎಂಬ ಫೋನಿನ ಲೆಕ್ಕ ಕೊಂಚ ಕೊಂಚವೇ ಜಾರಿರುತ್ತದೆ. ಶುರು ಮಾಡಿದ ಜಾಗಕ್ಕೆ ಬಂದಾಗ ಎರಡು ತುದಿ ಕೂಡುವುದಿಲ್ಲ, ತೊಗಟೆ ಎರಡು ಪದರವಾಗಿ ಕಾಣುತ್ತದೆ.

ಇಷ್ಟಾದರೂ ಒಂದು ಜಾಗದಲ್ಲಿ ಫೋನು ದೊಡ್ಡ ಯಂತ್ರಗಳನ್ನು ಸೋಲಿಸುತ್ತದೆ. ಅದು ಪೊಟರೆ. ಟ್ರೈಪಾಡ್ ಸ್ಕ್ಯಾನರ್‌ಗಳಿಗೆ ಕನಿಷ್ಠ ದೂರ ಅಂತ ಒಂದಿರುತ್ತದೆ. ಉದಾಹರಣೆಗೆ ಲೈಕಾದ ಮೊದಲ ಬಿಎಲ್‌ಕೆ360 ಅಳೆಯಲು ಶುರು ಮಾಡುವುದು 0.6 ಮೀಟರ್‌ನಿಂದ ಆಚೆಗೆ. ಇಕ್ಕಟ್ಟಾದ ಟೊಳ್ಳಿನೊಳಗೆ ಅದನ್ನಿಟ್ಟರೆ ಪಕ್ಕದ ಗೋಡೆಯೇ ಅದಕ್ಕೆ ಕಾಣಿಸದು. ಫೋನನ್ನು ಕೈಯಲ್ಲಿ ಹಿಡಿದು ಒಳಗೆ ಚಾಚಿದರೆ ಆ ಜಾಗದ ಒರಟು ಆಕಾರವಾದರೂ ಸಿಗುತ್ತದೆ. ಪೊಟರೆಯೇ ನಿಮ್ಮ ವಿಷಯವಾಗಿದ್ದರೆ ಫೋನನ್ನು ಕಡೆಗಣಿಸಬೇಡಿ.

ಇಡೀ ಮರ ಬೇಕೆಂದರೆ ಟ್ರೈಪಾಡ್ ಸ್ಕ್ಯಾನರ್‌ಗೆ ಸಾಟಿ ಇಲ್ಲ. ಇದು ಒಂದೇ ಕಡೆ ನಿಂತು ಸುತ್ತಲೂ ಕಿರಣ ಬಿಟ್ಟು, ಪ್ರತಿ ಕಿರಣ ಎಲ್ಲಿ ಬಡಿಯಿತು ಎಂದು ಗುರುತು ಹಾಕಿಕೊಳ್ಳುತ್ತದೆ. ಮೊದಲ ಬಿಎಲ್‌ಕೆ360 ಒಂದು ಕಿಲೊ ತೂಗುವ ಪುಟ್ಟ ಯಂತ್ರ. ಆದರೂ ಸೆಕೆಂಡಿಗೆ 3,60,000 ಚುಕ್ಕೆ ಅಳೆಯುತ್ತದೆ, 60 ಮೀಟರ್‌ವರೆಗೆ ನೋಡುತ್ತದೆ. ಹಲವು ಕಡೆಯಿಂದ ಸ್ಕ್ಯಾನ್ ಮಾಡಿ ಎಲ್ಲವನ್ನೂ ಜೋಡಿಸಿದರೆ ಕೋಟಿಗಟ್ಟಲೆ ಚುಕ್ಕೆಗಳ ಮರ ಎದ್ದು ನಿಲ್ಲುತ್ತದೆ. ಕೊಳ್ಳಬೇಕೆಂದೇನೂ ಇಲ್ಲ. ಬಾಡಿಗೆಗೆ ಸಿಗುತ್ತದೆ. ಸರ್ವೆ ಮಾಡುವವರನ್ನು ಕರೆಯಬಹುದು. ಇಲ್ಲವೇ ಅರಣ್ಯ ವಿಜ್ಞಾನದ ಸಂಶೋಧಕರ ಜೊತೆ ಸೇರಬಹುದು. ಈ ಮೂರನೇ ದಾರಿ ನನಗೆ ಬಹಳ ಇಷ್ಟ. ಅವರಿಗೆ ಮರ ಗೊತ್ತು, ಯಂತ್ರವೂ ಗೊತ್ತು. ಜೊತೆಗೆ ಹಿಂದೆ ಮಾಡಿದ ಸ್ಕ್ಯಾನ್‌ಗಳೂ ಅವರ ಬಳಿ ಇರುತ್ತವೆ.

ಟ್ರೈಪಾಡ್ ಸ್ಕ್ಯಾನರ್‌ಗಳಲ್ಲೂ ಎರಡು ಜಾತಿ. ಒಂದು ಬೆಳಕು ಹೋಗಿ ಬರುವ ಸಮಯ ಅಳೆಯುತ್ತದೆ. ಇನ್ನೊಂದು ಬೆಳಕಿನ ಅಲೆ ಎಷ್ಟು ಜರುಗಿದೆ ಎಂದು ನೋಡುತ್ತದೆ. ಕಟ್ಟಡಕ್ಕೆ ಎರಡೂ ಸರಿ. ಮರದ ವಿಷಯದಲ್ಲಿ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಕಿರಣದ ಅರ್ಧ ಭಾಗ ಹತ್ತಿರದ ರೆಂಬೆಗೂ ಉಳಿದರ್ಧ ಹಿಂದಿನ ಕೊಂಬೆಗೂ ಬಡಿದಾಗ, ಎರಡನೇ ಜಾತಿಯ ಯಂತ್ರ ಎರಡರ ನಡುವೆ ಎಲ್ಲೋ ಒಂದು ಸುಳ್ಳು ಚುಕ್ಕೆ ಇಡುತ್ತದೆ. ರೆಂಬೆಗಳ ಹಿಂದೆ ಬಾಲದಂತೆ ಗೆರೆ ಎಳೆದುಕೊಂಡಿರುತ್ತದೆ. ಆಕಾಶದತ್ತ ಹೋದ ಕಿರಣಗಳಿಂದಲೂ ಅಲ್ಲಲ್ಲಿ ಧೂಳಿನಂಥ ಚುಕ್ಕೆ ಬರುತ್ತವೆ. ಮೊದಲ ಜಾತಿಯಲ್ಲಿ, ಅದರಲ್ಲೂ ಕಾಡಿನ ಕೆಲಸಕ್ಕೆ ಹೆಸರಾದ ರೀಗಲ್ ಯಂತ್ರಗಳಂಥವುಗಳಲ್ಲಿ, ಒಂದೇ ಕಿರಣ ಎಲೆಗೆ ತಾಗಿ, ಮುಂದೆ ಹೋಗಿ ಕೊಂಬೆಗೂ ತಾಗಿದರೆ ಎರಡನ್ನೂ ಬೇರೆ ಬೇರೆಯಾಗಿ ದಾಖಲಿಸುವ ಶಕ್ತಿ ಇದೆ. ದಟ್ಟ ಎಲೆಯ, ಎತ್ತರದ ಮರಕ್ಕೆ ನಾನು ಇದನ್ನೇ ಸೂಚಿಸುತ್ತೇನೆ. ಎಲೆಯಿಲ್ಲದ ಕಾಲದಲ್ಲಿ, ತಗ್ಗು ಮರವಾದರೆ ಎರಡನೆಯದೂ ಚೆನ್ನಾಗಿ ನಡೆಯುತ್ತದೆ.

ಎತ್ತರದ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಿ. ಯಂತ್ರವನ್ನು 0.04 ಡಿಗ್ರಿಗೊಂದು ಕಿರಣ ಬಿಡುವಂತೆ ಇಟ್ಟರೆ 10 ಮೀಟರ್ ದೂರದಲ್ಲಿ ಚುಕ್ಕೆಗಳ ನಡುವಿನ ಅಂತರ 7 ಮಿ.ಮೀ. ಅದೇ 50 ಮೀಟರ್‌ನಲ್ಲಿ 35 ಮಿ.ಮೀ. ಕಿರಣ ಕೂಡ ದೂರ ಹೋದಂತೆ ಹಿಗ್ಗುತ್ತದೆ. 0.35 ಮಿಲಿರೇಡಿಯನ್ (ಕೋನದ ಒಂದು ಅಳತೆ) ಹರಡುವ ಕಿರಣ 100 ಮೀಟರ್‌ಗೆ 35 ಮಿ.ಮೀ. ಹಿಗ್ಗಿರುತ್ತದೆ. ಅಂದರೆ ಬುಡದಲ್ಲಿ ತೊಗಟೆ ಕಾಣುವ ಸ್ಕ್ಯಾನ್‌ನಲ್ಲೇ ತುದಿಯ ಕಡ್ಡಿಗಳು ಮಸುಕಾಗಿರುತ್ತವೆ. ಇದನ್ನು ಒಪ್ಪಿಕೊಂಡು ಕೃತಿ ಮಾಡಬಹುದು. ನೆಲದ ಮೇಲೆ ನಿಂತು ನೋಡುವ ಮನುಷ್ಯನಿಗೂ ಮರ ಹಾಗೇ ಕಾಣುವುದು.

ಗಾಳಿಯೇ ದೊಡ್ಡ ಶತ್ರು. ಒಂದೊಂದು ಸ್ಕ್ಯಾನ್‌ಗೂ ಕೆಲವು ನಿಮಿಷ ಬೇಕು. ಅಷ್ಟರಲ್ಲಿ ಕೊಂಬೆ ಓಲಾಡಿದರೆ ಒಂದು ಕಡೆಯ ಸ್ಕ್ಯಾನ್‌ನಲ್ಲಿ ಅದು ಇಲ್ಲಿ, ಮತ್ತೊಂದು ಕಡೆಯದರಲ್ಲಿ ಅಲ್ಲಿ. ಜೋಡಿಸಿದಾಗ ಒಂದೇ ರೆಂಬೆ ಮೂರಾಗಿ ಕಾಣುತ್ತದೆ. ಗಾಳಿ ಬಿದ್ದಿರುವ ಹೊತ್ತು ನೋಡಿಕೊಂಡು ಹೋಗಿ. ಬೆಳಗಿನ ಜಾವ ಬಹುತೇಕ ಕಡೆ ಒಳ್ಳೆಯದು. ಕತ್ತಲೆಯ ಭಯ ಬೇಡ, ಲೇಸರ್ ತನ್ನ ಬೆಳಕನ್ನು ತಾನೇ ತರುತ್ತದೆ. ಮಳೆ ಬಂದು ಹೋದ ಮರ ಮಾತ್ರ ಬೇಡ. 1550 ನ್ಯಾನೋಮೀಟರ್ ಅಲೆಯ ಲೇಸರನ್ನು ನೀರು ಚೆನ್ನಾಗಿ ಹೀರಿಕೊಳ್ಳುತ್ತದೆ. ಒದ್ದೆ ತೊಗಟೆಯಿಂದ ಮರಳಿ ಬರುವ ಬೆಳಕು ತೀರಾ ಕಡಿಮೆ.

ಈ ನೀರಿನ ಗುಣದಿಂದಲೇ ಕಲಾವಿದರಿಗೆ ಒಂದು ವರವೂ ಇದೆ. ಪ್ರತಿ ಚುಕ್ಕೆಯ ಜೊತೆ, ಎಷ್ಟು ಬೆಳಕು ಮರಳಿತು ಎಂಬ ಅಂಕಿಯೂ ದಾಖಲಾಗುತ್ತದೆ. ಹಸಿರೆಲೆಯಲ್ಲಿ ನೀರು ಜಾಸ್ತಿ, ಹಾಗಾಗಿ 1550ರ ಲೇಸರ್‌ಗೆ ಎಲೆ ಮಂಕಾಗಿ ಕಾಣುತ್ತದೆ, ಒಣ ತೊಗಟೆ ಬೆಳಗುತ್ತದೆ. ಆ ಅಂಕಿಯೊಂದನ್ನೇ ಹಿಡಿದು ಎಲೆಯನ್ನು ಬಹುಮಟ್ಟಿಗೆ ತೆಗೆದು ಕೊಂಬೆಯನ್ನು ಉಳಿಸಬಹುದು. 830 ಅಥವಾ 905ರ ಆಸುಪಾಸಿನ ಲೇಸರ್‌ಗಳಲ್ಲಿ ಎಲೆಯೂ ಜೋರಾಗಿ ಹೊಳೆಯುವುದರಿಂದ ಈ ಬೇರ್ಪಡಿಸುವಿಕೆ ಅಷ್ಟು ಸುಲಭವಲ್ಲ. ಬಣ್ಣದ ವಿಷಯದಲ್ಲೂ ನಾನು ಈ ಅಂಕಿಯ ಪಕ್ಷ. ಸ್ಕ್ಯಾನರ್‌ನ ಕ್ಯಾಮೆರಾ ಬಳಿಯುವ ಬಣ್ಣದಲ್ಲಿ ಆ ಹೊತ್ತಿನ ಬಿಸಿಲು, ನೆರಳು ಅಂಟಿಕೊಂಡಿರುತ್ತದೆ. ಒಂದು ಸ್ಕ್ಯಾನ್ ಬೆಳಗ್ಗೆ, ಇನ್ನೊಂದು ಮಧ್ಯಾಹ್ನ ಆಗಿದ್ದರೆ ಮರದ ಮೈ ತೇಪೆ ಹಾಕಿದಂತಾಗುತ್ತದೆ. ಮರಳಿದ ಬೆಳಕಿನ ಬೂದು ಛಾಯೆಗಳಲ್ಲಿ ಹೊತ್ತೇ ಇಲ್ಲ. ಸಾವಿರ ವರ್ಷದ ಮರಕ್ಕೆ ಅದು ಹೆಚ್ಚು ಒಪ್ಪುತ್ತದೆ.

ಉಳಿದ ದಾರಿಗಳು

ಫೋಟೊಗಳಿಂದ 3ಡಿ ಕಟ್ಟುವುದು ಲೇಸರ್ ಅಲ್ಲ, ಆದರೆ ಹೋಲಿಸದೆ ಇರಲಾಗದು. ನೂರಾರು ಫೋಟೊ ತೆಗೆದು ಮೆಟಾಶೇಪ್, ಮೆಶ್‌ರೂಮ್‌ನಂಥ ಸಾಫ್ಟ್‌ವೇರ್‌ಗೆ ಕೊಟ್ಟರೆ ತೊಗಟೆಯ ವಿವರದಲ್ಲಿ ಬಹುತೇಕ ಲೇಸರ್‌ಗಳನ್ನು ಇದು ಮೀರಿಸುತ್ತದೆ. ಪಾಚಿ, ಕಲ್ಲುಹೂವು, ಹುಳ ಕೊರೆದ ತೂತು ಎಲ್ಲವೂ ಸಿಗುತ್ತವೆ. ಮೋಡ ಮುಚ್ಚಿದ ದಿನದ ಮೆದು ಬೆಳಕು ಇದಕ್ಕೆ ಬೇಕು. ಎಲೆ, ಕಡ್ಡಿಗಳಲ್ಲಿ ಇದು ಪೂರ್ತಿ ಸೋಲುತ್ತದೆ. ಗಾತ್ರವೂ ತಾನಾಗಿ ಬರುವುದಿಲ್ಲ. ಅಳತೆ ಗೊತ್ತಿರುವ ಕೋಲೊಂದನ್ನು ಚಿತ್ರದಲ್ಲಿ ಇಡಬೇಕು. ಬುಡದ ಮೂರು ಮೀಟರ್ ಮಾತ್ರ ನಿಮ್ಮ ಕೃತಿಯಾದರೆ ಸುಮ್ನೆ ಲೇಸರ್‌ನ ಹಿಂದೆ ಹೋಗಬೇಡಿ, ಕ್ಯಾಮೆರಾ ಸಾಕು. ಎರಡೂ ಬೇಕೆಂದರೆ ರಿಯಾಲಿಟಿಕ್ಯಾಪ್ಚರ್ ಎಂದು ಹೆಸರಾಗಿದ್ದ, ಈಗ ರಿಯಾಲಿಟಿಸ್ಕ್ಯಾನ್ ಎನಿಸಿಕೊಂಡ ಸಾಫ್ಟ್‌ವೇರ್ ಲೇಸರ್ ಚುಕ್ಕೆಗಳನ್ನೂ ಫೋಟೊಗಳನ್ನೂ ಒಟ್ಟಿಗೆ ತೆಗೆದುಕೊಳ್ಳುತ್ತದೆ. ಮರದ ಚೌಕಟ್ಟು ಲೇಸರ್‌ನಿಂದ, ತೊಗಟೆ ಫೋಟೊದಿಂದ. ಹಳೆಯ ಮರದ ಬುಡಕ್ಕೆ ಇದು ನನ್ನ ಮೆಚ್ಚಿನ ಜೋಡಿ.

ಕೈಯಲ್ಲಿ ಹಿಡಿದು ನಡೆಯುತ್ತ ಅಳೆಯುವ ಸ್ಕ್ಯಾನರ್‌ಗಳು ವೇಗದ ವಿಷಯದಲ್ಲಿ ಮುಂದು. ಜಿಯೊಸ್ಲ್ಯಾಮ್‌ನ ಜೆಬ್ ಹೊರೈಜನ್ ಸೆಕೆಂಡಿಗೆ 3,00,000 ಚುಕ್ಕೆ, 100 ಮೀಟರ್ ದೂರದವರೆಗೆ ಹಿಡಿಯುತ್ತದೆ. ಆದರೆ ಚುಕ್ಕೆಗಳ ನಿಖರತೆ ಸೆಂಟಿಮೀಟರ್ ಮಟ್ಟದ್ದು. ತೊಗಟೆ ಹೋಗುತ್ತದೆ, ಮರದ ಭಂಗಿ ಉಳಿಯುತ್ತದೆ. ಒಂದೇ ಮರವಲ್ಲ, ಇಡೀ ತೋಪು ಬೇಕು ಅನ್ನುವವರಿಗೆ ಇದು ಸರಿ. ಬಿಳಲು ಇಳಿಬಿಟ್ಟು ಹಬ್ಬಿದ ಆಲದ ಮರಕ್ಕೂ ಅಷ್ಟೇ. ಅಲ್ಲಿ ಒಂದು ಬಿಳಲಿನ ಹಿಂದೆ ಹತ್ತು ಬಿಳಲು ಅಡಗಿರುತ್ತವೆ. ಟ್ರೈಪಾಡ್ ಇಟ್ಟು ಎಲ್ಲವನ್ನೂ ಹಿಡಿಯುವುದು ಕಷ್ಟ, ನಡುವೆ ನುಸುಳಿ ನಡೆಯುವುದು ಸಲೀಸು.

ಡ್ರೋನ್ ಲೈಡಾರ್ ಹಂದರದ ಮೇಲ್ಭಾಗಕ್ಕೆ ಒಳ್ಳೆಯದು, ಕಾಂಡಕ್ಕೆ ಅಲ್ಲ. ಗೂಡು ಕಟ್ಟುವ ಕಾಲದಲ್ಲಿ ಅದನ್ನು ಹಾರಿಸಲೇಬೇಡಿ.

ಇನ್ನು ವಿಮಾನದಿಂದ ಅಳೆದು ಸರ್ಕಾರಗಳು ಎಲ್ಲರಿಗೂ ಕೊಡುವ ಡೇಟಾ. ಅಮೆರಿಕದ ಭೂಸರ್ವೇಕ್ಷಣೆಯ 3ಡೆಪ್ ಯೋಜನೆಯ ಒಂದು ಗುಣಮಟ್ಟದಲ್ಲಿ ಚದರ ಮೀಟರಿಗೆ ಕನಿಷ್ಠ 2 ಚುಕ್ಕೆ ಇರಬೇಕು. 20 ಮೀಟರ್ ಅಗಲದ ಹಂದರಕ್ಕೆ ಲೆಕ್ಕ ಹಾಕಿದರೆ 600 ಚಿಲ್ಲರೆ ಚುಕ್ಕೆ. ಬಹಳ ಜನ ಇದನ್ನು ನೋಡಿ ಮುಖ ತಿರುಗಿಸುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. 600 ಚುಕ್ಕೆಯನ್ನು ಕೈಯಿಂದ ಕಸೂತಿ ಹಾಕಬಹುದು, ತಗಡಿನಲ್ಲಿ ಒಂದೊಂದಾಗಿ ತೂತು ಕೊರೆದು ಹಿಂದಿನಿಂದ ದೀಪ ಹಚ್ಚಬಹುದು. ಐವತ್ತು ಕೋಟಿ ಚುಕ್ಕೆಯನ್ನು ಹಾಗೆ ಕೈಯಲ್ಲಿ ಮುಟ್ಟಲು ಆಗದು. ಯಂತ್ರ ಬಾಡಿಗೆಗೆ ತರಲಾಗದವರು ಇಲ್ಲಿಂದ ಶುರು ಮಾಡಬಹುದು. ಓಪನ್‌ಟೊಪೊಗ್ರಫಿ ತಾಣದಲ್ಲಿ ಇಂಥ ಡೇಟಾ ಬೇಕಾದಷ್ಟಿದೆ. ಬಳಕೆಯ ಷರತ್ತು ಓದಿಕೊಳ್ಳಿ. ಕೆಲವು ಡೇಟಾವನ್ನು ಮಾರಾಟದ ಕೃತಿಗೆ ಬಳಸುವಂತಿಲ್ಲ.

ಚುಕ್ಕೆಗಳಾಗಿಯೇ ಇಡಬೇಕಾ, ಮೇಲ್ಮೈ ಕಟ್ಟಬೇಕಾ?

ಸ್ಕ್ಯಾನರ್ ಆಯ್ಕೆಗಿಂತ ಈ ಆಯ್ಕೆ ಕೃತಿಯನ್ನು ಹೆಚ್ಚು ಬದಲಿಸುತ್ತದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಬಲವಾದ ಕಾರಣ ಇಲ್ಲದಿದ್ದರೆ ಚುಕ್ಕೆಗಳನ್ನು ಚುಕ್ಕೆಗಳಾಗಿಯೇ ಬಿಡಿ.

ಚುಕ್ಕೆಗಳ ಮರದಲ್ಲಿ ಲೇಸರ್ ನಿಜವಾಗಿ ಮುಟ್ಟಿದ್ದು ಮಾತ್ರ ಇರುತ್ತದೆ. ಕೊಂಬೆಯ ಮರೆಯಲ್ಲಿದ್ದ ಭಾಗ ಖಾಲಿ. ಯಂತ್ರ ನಿಂತಿದ್ದ ಜಾಗದಲ್ಲಿ ನೆಲದ ಮೇಲೆ ಒಂದು ಕಪ್ಪು ವೃತ್ತ. ಈ ಖಾಲಿಗಳನ್ನು ಹಲವರು ಮುಚ್ಚುತ್ತಾರೆ. ಮುಚ್ಚಬೇಡಿ ಎಂದೇ ನಾನು ಹೇಳುವುದು. ಎಷ್ಟು ನೋಡಲು ಆಯಿತು, ಎಷ್ಟು ಆಗಲಿಲ್ಲ ಎಂಬುದು ಅಲ್ಲಿ ಪ್ರಾಮಾಣಿಕವಾಗಿ ಕಾಣುತ್ತದೆ. ಚುಕ್ಕೆಗಳ ಮರ ಪಾರದರ್ಶಕವೂ ಹೌದು. ತೊಗಟೆಯ ಮೂಲಕ ಒಳಗಿನ ಪೊಟರೆ, ಅದರಾಚೆ ಹಿಂದಿನ ತೊಗಟೆ, ಎಲ್ಲವನ್ನೂ ಒಟ್ಟಿಗೆ ನೋಡಬಹುದು. ಬೇರೆ ಯಾವ ಮಾಧ್ಯಮದಲ್ಲೂ ಇದು ಇಷ್ಟು ಸಹಜವಾಗಿ ಬರುವುದಿಲ್ಲ.

ಕೆಲಸ ಶುರುವಾಗುವುದು ಕ್ಲೌಡ್‌ಕಂಪೇರ್ ಎಂಬ ಉಚಿತ ಸಾಫ್ಟ್‌ವೇರ್‌ನಿಂದ. ಸ್ಕ್ಯಾನ್‌ಗಳನ್ನು ಜೋಡಿಸುವುದು, ಪಕ್ಕದ ಮರಗಳನ್ನು ಕತ್ತರಿಸಿ ತೆಗೆಯುವುದು, ಒಂಟಿ ಚುಕ್ಕೆಗಳನ್ನು ಸೋಸುವುದು, ಚುಕ್ಕೆಗಳನ್ನು ಸಮಾನ ಅಂತರಕ್ಕೆ ತೆಳುಗೊಳಿಸುವುದು ಎಲ್ಲ ಇದರಲ್ಲಿ ಆಗುತ್ತದೆ. ಸೋಸುವಾಗ ಹುಷಾರು. ಒಂಟಿ ಚುಕ್ಕೆ ತೆಗೆಯುವ ಫಿಲ್ಟರ್‌ಗೆ ತುದಿಯ ಒಣ ಕಡ್ಡಿಗೂ ಧೂಳಿಗೂ ವ್ಯತ್ಯಾಸ ಗೊತ್ತಿಲ್ಲ. ಜೋರಾಗಿ ಸೋಸಿದರೆ ಮರ ಇನ್ನೂರು ವರ್ಷ ಚಿಕ್ಕದಾಗಿ ಕಾಣುತ್ತದೆ. ಕಾಂಡಕ್ಕೊಂದು, ಹಂದರಕ್ಕೊಂದು ಅಂತ ಬೇರೆ ಬೇರೆಯಾಗಿ ಸೋಸಿ. ಫೈಲ್ ತೆರೆಯುವಾಗ ಕ್ಲೌಡ್‌ಕಂಪೇರ್, ಸ್ಥಾನ ಹೇಳುವ ದೊಡ್ಡ ಅಂಕಿಗಳನ್ನು ಕಳೆದು ತೆರೆಯಲಾ ಎಂದು ಕೇಳಿದರೆ ಹೌದು ಅನ್ನಿ. ಸರ್ವೆಯ ಅಂಕಿಗಳು ಲಕ್ಷಗಳಲ್ಲಿರುತ್ತವೆ. ಹಾಗೇ ಬಿಟ್ಟರೆ ಮುಂದೆ ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ಗೆ ಹೋದಾಗ ಚುಕ್ಕೆಗಳೆಲ್ಲ ಮೆಟ್ಟಿಲುಗಳಂತೆ ಸಾಲಾಗಿಬಿಡುತ್ತವೆ.

ಗಾತ್ರದ ಅಂದಾಜು ಬೇಕಾ? ಒಂದು ಚುಕ್ಕೆಗೆ ಸ್ಥಾನ, ಬಣ್ಣ, ಮರಳಿದ ಬೆಳಕು ಸೇರಿ 17 ಬೈಟ್ ಎಂದುಕೊಳ್ಳಿ. ಹತ್ತು ಕೋಟಿ ಚುಕ್ಕೆಗೆ 1.7 ಗಿಗಾಬೈಟ್. ಕ್ಲೌಡ್‌ಕಂಪೇರ್ ಇದನ್ನು ತಡೆಯುತ್ತದೆ. ಬ್ಲೆಂಡರ್ ಅಷ್ಟರಲ್ಲಿ ತೆವಳಲು ಶುರು ಮಾಡುತ್ತದೆ. ವೆಬ್‌ನಲ್ಲಿ ತೋರಿಸಲು ಪೊಟ್ರೀ ಇದೆ. ಅದು ನೋಡುವವರು ಹತ್ತಿರ ಹೋದಷ್ಟೂ ಹೆಚ್ಚು ಚುಕ್ಕೆ ಕಳಿಸುವುದರಿಂದ ಕೋಟಿಗಟ್ಟಲೆ ಚುಕ್ಕೆಯೂ ಸಲೀಸಾಗಿ ಓಡುತ್ತದೆ.

ಮೇಲ್ಮೈ, ಅಂದರೆ ಮೆಶ್, ಯಾವಾಗ ಬೇಕು? ಕೃತಿಯನ್ನು ಕೈಯಿಂದ ಮುಟ್ಟುವಂತಿರಬೇಕು ಎಂದಾಗ. 3ಡಿ ಪ್ರಿಂಟ್, ಮರದಲ್ಲಿ ಕೆತ್ತುವ ಯಂತ್ರ, ಎರಕ ಎಲ್ಲಕ್ಕೂ ಮುಚ್ಚಿದ ಮೇಲ್ಮೈ ಬೇಕು. 2006ರಲ್ಲಿ ಬಂದ ಪಾಯ್ಸಾನ್ ವಿಧಾನ ಇದಕ್ಕೆ ಎಲ್ಲೆಡೆ ಬಳಕೆಯಲ್ಲಿದೆ. ಕಾಂಡಕ್ಕೆ ಅದು ಚೆನ್ನಾಗಿ ಒಪ್ಪುತ್ತದೆ. ಹಂದರಕ್ಕೆ ಹಾಕಿದರೆ ರೆಂಬೆಗಳು ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುತ್ತವೆ. ಇನ್ನೊಂದು ಅಪಾಯ ಎಲ್ಲವನ್ನೂ ಮುಚ್ಚುವ ಅದರ ಸ್ವಭಾವ. ಪೊಟರೆಯ ಒಳಗೆ ಸಾಕಷ್ಟು ಚುಕ್ಕೆ ಇಲ್ಲದಿದ್ದರೆ ಬಾಯನ್ನೇ ತೊಗಟೆಯಿಂದ ಹೊಲಿದುಬಿಡುತ್ತದೆ. ಹೊರಗಿನಿಂದ ನೋಡಿದರೆ ಗೊತ್ತೂ ಆಗುವುದಿಲ್ಲ. ಮೆಶ್ ಮಾಡಿದ ಮೇಲೆ ಮೂಲ ಚುಕ್ಕೆಗಳನ್ನು ಅದರ ಮೇಲಿಟ್ಟು, ಯಾವ ಭಾಗ ಚುಕ್ಕೆಗಳಿಂದ ದೂರ ಇದೆ ಎಂದು ನೋಡಿ. ಕ್ಲೌಡ್‌ಕಂಪೇರ್ ಇದನ್ನು ಬಣ್ಣದಲ್ಲಿ ತೋರಿಸುತ್ತದೆ.

ಮೂರನೆಯದು ಕೊಳವೆಗಳ ಮರ. ಅರಣ್ಯ ವಿಜ್ಞಾನಿಗಳು ಮರದ ಗಾತ್ರ, ತೂಕ ಅಂದಾಜು ಮಾಡಲು ಇಡೀ ಮರವನ್ನು ಸಾವಿರಾರು ಪುಟ್ಟ ಕೊಳವೆಗಳಾಗಿ ಬದಲಿಸುತ್ತಾರೆ. ಟ್ರೀಕ್ಯೂಎಸ್‌ಎಂ ಎಂಬ ಉಚಿತ ಪ್ರೋಗ್ರಾಂ ಇದಕ್ಕೆ ಹೆಸರಾಗಿದೆ. ಯಾವ ಕೊಂಬೆ ಯಾವುದರಿಂದ ಹುಟ್ಟಿತು ಎಂಬ ವಂಶಾವಳಿಯೂ ಸಿಗುವುದು ಇದರ ದೊಡ್ಡ ಲಾಭ. ಪೆನ್ನಿನಿಂದ ಗೆರೆ ಎಳೆಯುವ ಪ್ಲಾಟರ್ ಯಂತ್ರಕ್ಕೆ, ಮರ ಬೆಳೆದಂತೆ ತೋರಿಸುವ ಅನಿಮೇಷನ್‌ಗೆ ಇದು ಹೇಳಿ ಮಾಡಿಸಿದ್ದು. ಆದರೆ ಕೊಳವೆ ಎಂದರೆ ದುಂಡು, ನುಣುಪು. ಹಳೆಯ ಕಾಂಡ ದುಂಡಗಿರುವುದಿಲ್ಲ. ಸೀಳಿ, ಹೊರಳಿ, ಬುಡದಲ್ಲಿ ರೆಕ್ಕೆ ಚಾಚಿರುತ್ತದೆ. ಎಲ್ಲವೂ ಇಲ್ಲಿ ಸಪಾಟು. ನನ್ನ ಅಳತೆಗೋಲಿನಲ್ಲಿ ವಯಸ್ಸನ್ನು ಅತಿ ಹೆಚ್ಚು ಅಳಿಸುವ ದಾರಿ ಇದು. ಹಂದರಕ್ಕೆ ಮಾತ್ರ ಬಳಸಿ, ಕಾಂಡವನ್ನು ಚುಕ್ಕೆಗಳಾಗಿ ಇಡಿ. ಎರಡನ್ನೂ ಒಂದೇ ಹಾಳೆಯ ಮೇಲೆ ತಂದರೆ ಬಹಳ ಚೆನ್ನಾಗಿ ಕೂಡುತ್ತವೆ.

2023ರಿಂದ ಗೌಸಿಯನ್ ಸ್ಪ್ಲಾಟಿಂಗ್ ಎಲ್ಲರ ಬಾಯಲ್ಲಿದೆ. ಫೋಟೊಗಳಿಂದ ಲಕ್ಷಾಂತರ ಮಸುಕು ಬಣ್ಣದ ತುಣುಕುಗಳನ್ನು ಜೋಡಿಸಿ, ನಿಜವಾದ ಫೋಟೊದಂತೆಯೇ ಸುತ್ತಾಡಬಹುದಾದ ದೃಶ್ಯ ಕಟ್ಟುತ್ತದೆ. ಎಲೆ, ಪಾಚಿ, ಬೆಳಕು ತೂರಿ ಬರುವ ಹಂದರ ಇದರಲ್ಲಿ ಅದ್ಭುತ. ಲೇಸರ್ ಚುಕ್ಕೆಗಳಿಂದ ಇದನ್ನು ಶುರು ಮಾಡಿಸಲೂಬಹುದು. ಆದರೆ ಆಕಾರ ನಂಬುವಂತಿಲ್ಲ, ಅಳತೆ ತೆಗೆಯುವಂತಿಲ್ಲ. ಆ ದಿನದ ಬಿಸಿಲು ಒಳಗೇ ಬೆರೆತಿರುತ್ತದೆ. ನೋಡುಗರನ್ನು ಮರದ ಬಳಿ ಕರೆದೊಯ್ಯುವುದು ನಿಮ್ಮ ಗುರಿಯಾದರೆ ಇದನ್ನು ಆರಿಸಿ. ಮರದ ಒಳಗೆ ಕರೆದೊಯ್ಯಬೇಕಾದರೆ ಚುಕ್ಕೆಗಳೇ ಬೇಕು.

ಕೊನೆಗೆ ಯಾವ ರೂಪ?

ದೊಡ್ಡ ಮುದ್ರಣ ನನ್ನ ಮೊದಲ ಆಯ್ಕೆ, ಯಾಕೆಂದರೆ ಅಲ್ಲಿ ಸ್ಕ್ಯಾನ್‌ನ ವಿವರ ಪೂರ್ತಿ ದಕ್ಕುತ್ತದೆ. ಒಂದು ಮೀಟರ್ ಅಗಲದ ಹಾಳೆಯನ್ನು 300 ಡಿಪಿಐಯಲ್ಲಿ (ಇಂಚಿಗೆ 300 ಚುಕ್ಕೆ) ಮುದ್ರಿಸಿದರೆ ಅಡ್ಡಕ್ಕೆ 11,811 ಪಿಕ್ಸೆಲ್. 20 ಮೀಟರ್ ಅಗಲದ ಹಂದರ ಅದರಲ್ಲಿ ತುಂಬಿದರೆ ಒಂದು ಪಿಕ್ಸೆಲ್ ಎಂದರೆ ಮರದ ಮೇಲಿನ ಸುಮಾರು 1.7 ಮಿ.ಮೀ. ಸಾಮಾನ್ಯ ಪರದೆ ಇಷ್ಟನ್ನು ಒಮ್ಮೆಗೇ ತೋರಿಸದು. ದೂರ ಹೋದಂತೆ ಚಿಕ್ಕದಾಗದ, ಎಲ್ಲವೂ ಒಂದೇ ಅಳತೆಯಲ್ಲಿ ಬರುವ ನೇರ ನೋಟವನ್ನು ಸಾಫ್ಟ್‌ವೇರ್‌ನಲ್ಲಿ ಆರಿಸಿಕೊಳ್ಳಿ. ಎತ್ತರದ ಮರವನ್ನು ಕ್ಯಾಮೆರಾದಲ್ಲಿ ತೆಗೆದರೆ ತುದಿ ಹಿಂದಕ್ಕೆ ವಾಲುತ್ತದೆ. ಇಲ್ಲಿ ಬುಡದಿಂದ ತುದಿಯವರೆಗೆ ಎದುರಿಗೇ ನಿಂತು ನೋಡಿದಂತೆ ಇರುತ್ತದೆ. ಕಾಂಡವನ್ನು 10 ಸೆಂ.ಮೀ. ದಪ್ಪದ ಅಡ್ಡ ಹೋಳುಗಳಾಗಿ ತೆಗೆದು ಸಾಲಾಗಿ ಮುದ್ರಿಸುವುದೂ ಒಳ್ಳೆಯ ದಾರಿ. ಗರಗಸ ಮುಟ್ಟಿಸದೆ ಮರದ ಒಳಗನ್ನು ಓದುವ ಅವಕಾಶ ಅದು.

3ಡಿ ಪ್ರಿಂಟ್ ಎಂದಾಗ ಎಲ್ಲರಿಗೂ ಇಡೀ ಮರವೇ ಬೇಕು. ಲೆಕ್ಕ ಹಾಕಿ ನೋಡಿ. 30 ಮೀಟರ್ ಮರವನ್ನು 30 ಸೆಂ.ಮೀ.ಗೆ ಇಳಿಸಿದರೆ 5 ಸೆಂ.ಮೀ. ದಪ್ಪದ ಕೊಂಬೆ ಅರ್ಧ ಮಿಲಿಮೀಟರ್ ಆಗುತ್ತದೆ. ಮುಟ್ಟಿದರೆ ಮುರಿಯುತ್ತದೆ. ದಪ್ಪ ಮಾಡಿದರೆ ಮರ ಸುಳ್ಳಾಗುತ್ತದೆ. ಅದರ ಬದಲು ಬುಡದ ಒಂದು ಭಾಗವನ್ನು ಹತ್ತನೇ ಒಂದು ಅಳತೆಯಲ್ಲಿ ಮಾಡಿ. 3 ಸೆಂ.ಮೀ. ಆಳದ ಸೀಳು 3 ಮಿ.ಮೀ. ಆಗಿ ಬೆರಳಿಗೆ ಸಿಗುತ್ತದೆ. ಪೊಟರೆಯ ಒಳಗಿನ ಖಾಲಿಯನ್ನೇ ಗಟ್ಟಿಯಾಗಿ ಎರಕ ಹೊಯ್ದರೆ ಇನ್ನೂ ಚೆನ್ನ. ಕಣ್ಣು ಕಾಣದವರಿಗೂ ಆ ಮರ ತಲುಪುತ್ತದೆ. ಈ ಕಾರಣಕ್ಕಾದರೂ ಮುಟ್ಟುವ ಕೃತಿಗಳು ಹೆಚ್ಚಬೇಕು ಎಂಬುದು ನನ್ನ ಬಯಕೆ.

ಗಾಜಿನ ದಿಮ್ಮಿಯೊಳಗೆ ಲೇಸರ್‌ನಿಂದ ಚುಕ್ಕೆ ಕೊರೆಯುವ ಕೆಲಸ ನೆನಪಿನ ಕಾಣಿಕೆಗಳಲ್ಲಿ ನೋಡಿರುತ್ತೀರಿ. ಲೇಸರ್ ಹಿಡಿದ ಚುಕ್ಕೆಯನ್ನು ಮತ್ತೊಂದು ಲೇಸರ್ ಗಾಜಿನಲ್ಲಿ ಪುಟ್ಟ ಬಿರುಕಾಗಿ ಇಡುತ್ತದೆ. ಮೆಶ್ ಬೇಡ, ಮುಚ್ಚುವ ಕೆಲಸ ಬೇಡ. ಚುಕ್ಕೆಗಳು ತೀರಾ ಒತ್ತೊತ್ತಾದರೆ ಗಾಜೇ ಸೀಳುವ ಅಪಾಯ ಇದೆ, ಹಾಗಾಗಿ ಮೊದಲೇ ತೆಳುಗೊಳಿಸಿ. ಚಿಕ್ಕ ಅಳತೆಯಲ್ಲಿ ಇಡೀ ಹಂದರವನ್ನು ಮುರಿಯದಂತೆ ಹಿಡಿದಿಡಲು ಇದಕ್ಕಿಂತ ಒಳ್ಳೆಯ ರೂಪ ನನಗೆ ಕಂಡಿಲ್ಲ.

ವಿಆರ್ (ಕಣ್ಣಿಗೆ ಕನ್ನಡಕದಂಥ ಸಾಧನ ಹಾಕಿಕೊಂಡು ಒಳಹೊಕ್ಕು ನೋಡುವ ಮಾಧ್ಯಮ) ಮತ್ತು ದೊಡ್ಡ ಪರದೆಯ ಪ್ರದರ್ಶನಗಳಿಗೆ ತಂಡ ಬೇಕು, ಸಮಯ ಬೇಕು. ಲಂಡನ್‌ನ ಮಾರ್ಷ್‌ಮ್ಯಾಲೊ ಲೇಸರ್ ಫೀಸ್ಟ್ ತಂಡ ದೈತ್ಯ ಸಿಕ್ವೊಯಾ ಮರದ ಸ್ಕ್ಯಾನ್‌ನಿಂದ ಮಾಡಿದ ಟ್ರೀಹಗರ್ ಎಂಬ ವಿಆರ್ ಕೃತಿಗೆ 2017ರಲ್ಲಿ ನ್ಯೂಯಾರ್ಕ್‌ನ ಟ್ರೈಬೆಕಾ ಚಲನಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು. ಅಲ್ಲಿ ನೋಡುಗರು ಕನ್ನಡಕ ಹಾಕಿಕೊಂಡು ಮರದ ಗಂಟಿನೊಳಗೆ ತಲೆ ಇಡುತ್ತಾರೆ, ಬೇರಿನಿಂದ ಮೇಲೇರುವ ನೀರಿನ ಜೊತೆ ಸಾಗುತ್ತಾರೆ. ಎದುರಿಗೆ ಮುಟ್ಟಲು ನಿಜವಾದ ಕಾಂಡದ ಆಕಾರವೂ ಇತ್ತು. ಕೃತಿಯ ಬಲ ಆ ಸ್ಪರ್ಶದಲ್ಲಿದೆ ಎಂದು ನನಗನ್ನಿಸುತ್ತದೆ. ಒಬ್ಬರೇ ಮಾಡುವವರು ಟಚ್‌ಡಿಸೈನರ್ ಅಥವಾ ಅನ್‌ರಿಯಲ್ ಎಂಬ ಸಾಫ್ಟ್‌ವೇರ್‌ನಲ್ಲಿ ಚುಕ್ಕೆಗಳನ್ನು ನೇರವಾಗಿ ಓಡಿಸಬಹುದು. ಆದರೆ ಒಂದು ಮಾತು: ಚುಕ್ಕೆಗಳು ಚೆದುರಿ ಹಾರಿ ಮತ್ತೆ ಕೂಡುವ ಪರಿಣಾಮವನ್ನು ದಯವಿಟ್ಟು ಬಿಡಿ. ಯಾವ ಸ್ಕ್ಯಾನ್‌ಗೆ ಬೇಕಾದರೂ ಅದನ್ನು ಹಾಕಬಹುದು. ನಿಮ್ಮ ಮರದ ಬಗ್ಗೆ ಅದು ಏನೂ ಹೇಳುವುದಿಲ್ಲ.

ಮರಕ್ಕೆ ತೊಂದರೆ ಆಗದಂತೆ

ಈ ಸ್ಕ್ಯಾನರ್‌ಗಳ ಲೇಸರ್‌ನಿಂದ ಮರಕ್ಕೆ ಹಾನಿ ಇಲ್ಲ. ಹಾನಿ ನಮ್ಮ ಕಾಲಿನಿಂದ. ಹಳೆಯ ಮರದ ನೀರು ಹೀರುವ ಸಣ್ಣ ಬೇರುಗಳು ಬಹುಪಾಲು ಮೇಲುಮಣ್ಣಿನಲ್ಲೇ ಇರುತ್ತವೆ. ಮತ್ತೆ ಮತ್ತೆ ತುಳಿದರೆ ಮಣ್ಣು ಗಟ್ಟಿಯಾಗಿ ನೀರು, ಗಾಳಿ ಇಳಿಯುವುದಿಲ್ಲ. ಕ್ಯಾಲಿಫೋರ್ನಿಯಾದ ಉದ್ಯಾನವೊಂದರಲ್ಲಿರುವ, ಸುಮಾರು 116 ಮೀಟರ್ ಎತ್ತರದ ಹೈಪೀರಿಯನ್ ಎಂಬ ರೆಡ್‌ವುಡ್ ಮರದ ಬುಡಕ್ಕೆ ಜನ ಹೋಗಿ ಹೋಗಿ ಸುತ್ತಲಿನ ನೆಲ ಹಾಳಾಯಿತು. 2022ರಲ್ಲಿ ಆ ಜಾಗವನ್ನೇ ಮುಚ್ಚಿ, ಒಳಗೆ ಹೋದವರಿಗೆ 5,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು ಎಂದು ಉದ್ಯಾನದವರು ಹೇಳಬೇಕಾಯಿತು. ಮೆಥೂಸೆಲಾ ಎಲ್ಲಿದೆ ಎಂಬುದನ್ನು ಅಲ್ಲಿನ ಅರಣ್ಯ ಇಲಾಖೆ ಹೇಳುವುದೇ ಇಲ್ಲ.

ಹಾಗಾಗಿ ಅನುಮತಿ ಕೇಳಿ, ಯಂತ್ರ ಇಡುವ ಜಾಗಗಳನ್ನು ಮೊದಲೇ ಗುರುತಿಸಿ, ಇರುವ ಕಾಲುದಾರಿಯಿಂದ ಆಗುವಷ್ಟನ್ನು ಅಲ್ಲಿಂದಲೇ ಮಾಡಿ. ಪೊಟರೆಯಲ್ಲಿ ಬಾವಲಿ, ಗೂಬೆ ಇದ್ದರೆ ಒಳಗೆ ಕೈ ಹಾಕಬೇಡಿ. ಫೈಲ್ ಹಂಚುವ ಮುನ್ನ ಫೋಟೊಗಳಲ್ಲಿ ಮತ್ತು ಸ್ಕ್ಯಾನ್‌ನಲ್ಲಿ ಅಡಗಿರುವ ಜಿಪಿಎಸ್ ಅಂಕಿಗಳನ್ನು ತೆಗೆಯಿರಿ. ಮೇಲೆ ಹೇಳಿದ, ದೊಡ್ಡ ಅಂಕಿಗಳನ್ನು ಕಳೆಯುವ ಕೆಲಸ ಇದಕ್ಕೂ ನೆರವಾಗುತ್ತದೆ. ಆದರೆ ಕಳೆದ ಅಂಕಿ ಫೈಲಿನೊಳಗೆ ಉಳಿದಿಲ್ಲ ಎಂದು ಖಚಿತ ಮಾಡಿಕೊಳ್ಳಿ.

ಮೂಲ ಸ್ಕ್ಯಾನ್‌ಗಳನ್ನು ಕೃತಿ ಮುಗಿದ ಮೇಲೆ ಅಳಿಸಬೇಡಿ. 2020ರ ಕ್ಯಾಸಲ್ ಎಂಬ ಕಾಡ್ಗಿಚ್ಚೊಂದರಲ್ಲೇ ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡ ಬೆಟ್ಟಸಾಲಿನ ದೊಡ್ಡ ಸಿಕ್ವೊಯಾಗಳಲ್ಲಿ ಶೇ. 10ರಿಂದ 14ರಷ್ಟು ಸತ್ತವು ಎಂಬ ಅಂದಾಜಿದೆ. ಕಾಂಡದ ನಡುವೆ ದಾರಿ ಕೊರೆದಿದ್ದ, ಅದೇ ರಾಜ್ಯದ ಪಯೊನಿಯರ್ ಕ್ಯಾಬಿನ್ ಮರ 2017ರ ಜನವರಿಯ ಬಿರುಗಾಳಿಗೆ ಉರುಳಿತು. ನಿಮ್ಮ ಸ್ಕ್ಯಾನ್ ಮುಂದೆ ಯಾರಿಗೋ ಆ ಮರದ ಏಕೈಕ ಅಳತೆ ಆಗಬಹುದು. ಯಂತ್ರದ ಕಂಪನಿಯದೇ ಫೈಲ್ ಮಾದರಿಯಲ್ಲಿ ಬಿಡದೆ, ಹಲವು ಸಾಫ್ಟ್‌ವೇರ್ ಓದುವ ಇ57 ಅಥವಾ ಲ್ಯಾಜ್ ಮಾದರಿಗೆ ಬದಲಿಸಿ, ಎರಡು ಬೇರೆ ಕಡೆ ಇಡಿ. ಸೋಸದ ಪ್ರತಿ, ಸೋಸಿದ ಪ್ರತಿ ಎರಡೂ ಇರಲಿ. ಜೊತೆಗೆ ಒಂದು ಸಾದಾ ಬರಹದ ಫೈಲ್: ಮರದ ಜಾತಿ, ದಿನಾಂಕ, ಯಾವ ಯಂತ್ರ, ಎಷ್ಟು ಕಡೆಯಿಂದ, ಎಲೆ ಇತ್ತೋ ಇಲ್ಲವೋ, ಗಾಳಿ ಹೇಗಿತ್ತು, ಏನನ್ನು ಅಳಿಸಿದಿರಿ. ಮರವನ್ನು ನೋಡಿಕೊಳ್ಳುವವರಿಗೂ ಒಂದು ಪ್ರತಿ ಕೊಡಿ. ಮುಂದಿನ ಸಲ ಕೊಂಬೆಯೊಂದು ಬಿದ್ದಾಗ ಮೊದಲು ಹೇಗಿತ್ತು ಎಂದು ನೋಡಲು ಅವರಿಗೆ ಅದು ಬೇಕಾಗುತ್ತದೆ.